ಹೊಸ ಬ್ರೇಕಿನ ಕೂಗು

ಸವೆದುದನ್ನು ತೆಗೆದು ಹೊಸದನ್ನು ಹಾಕಿಸಿದ ಮೇಲೆ ಸದ್ದು ಅಡಗಬೇಕೆಂಬುದು ಲೋಕದ ನಿರೀಕ್ಷೆ. ಬಾಗಿಲಿನ ಕೀಲು, ಬಾವಿಯ ರಾಟೆ, ಹೊಲಿಗೆಯ ಯಂತ್ರ, ಇವುಗಳಲ್ಲಿ ಹಾಗೆಯೇ ಆಗುತ್ತದೆ. ಮೋಟಾರು ಕಾರಿನ ಬ್ರೇಕಿನಲ್ಲಿ ಮಾತ್ರ ಅನೇಕ ವೇಳೆ ಇದರ ವಿಪರೀತವನ್ನು ಕಾಣುತ್ತೇವೆ. ಹಳೆಯ ಪ್ಯಾಡುಗಳು ಮೌನವಾಗಿ ಸವೆದುಹೋಗಿರುತ್ತವೆ; ಹಣ ತೆತ್ತು ಹೊಸವನ್ನು ಹಾಕಿಸಿಕೊಂಡು ಗ್ಯಾರೇಜಿನಿಂದ ಹೊರಟ ಮೊದಲನೆಯ ತಿರುವಿನಲ್ಲಿಯೇ ಬೀದಿಯ ಜನವೆಲ್ಲ ತಿರುಗಿ ನೋಡುವಂತೆ ಗಾಡಿಯು ಕಿರುಚುತ್ತದೆ.

ಇಂಥ ಸಮಯದಲ್ಲಿ ಗೃಹಸ್ಥರು ಎರಡು ಪಂಗಡವಾಗುವುದನ್ನು ನೋಡಿದ್ದೇನೆ. “ಹೊಸದಲ್ಲವೆ, ತಾನಾಗಿಯೇ ಸರಿಹೋಗುತ್ತದೆ” ಎಂದು ಕಿವಿಮುಚ್ಚಿಕೊಂಡು ಓಡಿಸುವವರು ಒಂದು ಪಂಗಡ. ಗಾಬರಿಗೊಂಡು, ಗ್ಯಾರೇಜಿನವರು ಹೇಳಿದುದನ್ನೆಲ್ಲ ಬದಲಾಯಿಸಿ ಮತ್ತೊಮ್ಮೆ ಕೈಚೀಲವನ್ನು ಬರಿದುಮಾಡಿಕೊಳ್ಳುವವರು ಇನ್ನೊಂದು ಪಂಗಡ. ಮೊದಲನೆಯವರು ಕೆಲವೊಮ್ಮೆ ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಘಟ್ಟವಿಳಿಯುವಾಗ ತಮ್ಮ ಉದಾಸೀನದ ಫಲವನ್ನು ಉಣ್ಣಬೇಕಾಗುತ್ತದೆ. ಎರಡನೆಯವರು ಪ್ರಾಣಕ್ಕೆ ಅಪಾಯವಿಲ್ಲದಿದ್ದರೂ ಧನಕ್ಕೆ ಹಾನಿ ತಂದುಕೊಳ್ಳುತ್ತಾರೆ. ಕೂಗುವ ಬ್ರೇಕೆಲ್ಲ ಹಿಡಿಯದ ಬ್ರೇಕಲ್ಲ. ಹಿಡಿಯದ ಬ್ರೇಕು ಕೂಗಿಯೇ ತಿಳಿಸಬೇಕೆಂಬ ನಿಯಮವೂ ಇಲ್ಲ. ಯಾವ ಸದ್ದನ್ನು ನಾಲ್ಕು ದಿನ ಸಹಿಸಬಹುದು, ಯಾವ ಸದ್ದು ಕೇಳಿದೊಡನೆ ಗಾಡಿಯನ್ನು ನಿಲ್ಲಿಸಬೇಕು ಎಂಬ ವಿವೇಕವು ಕಾರುಳ್ಳ ಮನೆಯವರಿಗೆಲ್ಲ ಇರಬೇಕಾದುದು. ಅದಕ್ಕೆ ಯಂತ್ರಶಾಸ್ತ್ರದ ಪಾಂಡಿತ್ಯವೇನೂ ಬೇಕಿಲ್ಲ. ಕಿವಿ ಸರಿಯಾಗಿದ್ದು, ಪ್ರಶ್ನೆ ಕೇಳುವ ಕ್ರಮ ತಿಳಿದಿದ್ದರೆ ಸಾಕು.

ಮೊದಲು ಯಂತ್ರದ ಸ್ವರೂಪವನ್ನು ಸ್ವಲ್ಪ ನೋಡೋಣ. ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹಿಂದಿನವಕ್ಕೆ ಡ್ರಮ್ ಬ್ರೇಕು ಇರುತ್ತವೆ. ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕು. ಅದನ್ನು ಎರಡು ಪಕ್ಕಗಳಿಂದಲೂ ಇಕ್ಕಳದಂತೆ ಅವುಚಿ ಹಿಡಿಯುವುದು ಕ್ಯಾಲಿಪರು. ಇಕ್ಕಳದ ಎರಡು ತುಟಿಗಳಲ್ಲಿ ಕುಳಿತು ಡಿಸ್ಕಿಗೆ ತಾಗುವುವೇ ಪ್ಯಾಡುಗಳು. ಪ್ಯಾಡೆಂದರೆ ಉಕ್ಕಿನ ಹಲಗೆಯೊಂದಕ್ಕೆ ಅಂಟಿಸಿದ, ಸುಮಾರು 10 ಮಿಲಿಮೀಟರು ದಪ್ಪದ ಘರ್ಷಣದ್ರವ್ಯ. ಅದು 3 ಮಿಲಿಮೀಟರಿನಷ್ಟಕ್ಕೆ ಇಳಿದಾಗ ಬದಲಾಯಿಸುವುದು ವಾಡಿಕೆ. ಬೈಸಿಕಲ್ಲಿನ ರಿಮ್ಮನ್ನು ಎರಡು ರಬ್ಬರುಗಳು ಹಿಡಿಯುವುದನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ತೋರದು.

ಹೀಗೆ ಹಿಡಿದಾಗ ಸದ್ದೇಕೆ ಹುಟ್ಟಬೇಕು? ಪಿಟೀಲಿನ ತಂತಿಯ ಮೇಲೆ ಕಮಾನು ಎಳೆದಾಗ ನಾದ ಬರುವ ಕಾರಣವೇ ಇಲ್ಲಿಯೂ ಇದೆ. ರಾಳ ಹಚ್ಚಿದ ಕಮಾನಿನ ಕೂದಲು ತಂತಿಯನ್ನು ಕ್ಷಣಮಾತ್ರ ಹಿಡಿದು ಎಳೆಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಈ ಹಿಡಿತ ಜಾರಿಕೆಗಳಿಂದ ತಂತಿಯು ಕಂಪಿಸುತ್ತದೆ. ಪ್ಯಾಡು ಡಿಸ್ಕನ್ನು ಹಿಡಿದು ಜಾರುವಾಗಲೂ ಡಿಸ್ಕು, ಪ್ಯಾಡು, ಕ್ಯಾಲಿಪರು ಮೂರೂ ಕೂಡಿ ಕಂಪಿಸುವುದುಂಟು. ಆ ಕಂಪನವು ಸೆಕೆಂಡಿಗೆ 1000ಕ್ಕೆ ಮೀರಿದಾಗ ನಾವು ಕೇಳುವುದೇ ಕಿವಿ ಸೀಳುವ ಕೀಚುದನಿ. ಈ ಉಪದ್ರವವು ಇಂದು ನಿನ್ನೆಯದಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬವರು 1902ರಲ್ಲಿ ಡಿಸ್ಕ್ ಬ್ರೇಕಿಗೆ ಸ್ವಾಮ್ಯಪತ್ರ ಪಡೆದಾಗ ಅದರ ಪ್ಯಾಡುಗಳಿಗೆ ತಾಮ್ರವನ್ನು ಬಳಸಿದ್ದರು. ಲೋಹಕ್ಕೆ ಲೋಹ ತಿಕ್ಕಿ ಎದ್ದ ಕೂಗು ಆ ನಿರ್ಮಾಣದ ದೊಡ್ಡ ದೋಷವಾಗಿತ್ತು. ಅಲ್ಲಿಂದ ಅರ್ಧ ಶತಮಾನ ಕಳೆದು, 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕುಳ್ಳ ಜಾಗ್ವಾರ್ ಗಾಡಿ ಗೆದ್ದ ಮೇಲೆಯೇ ಇವು ಲೋಕದಲ್ಲಿ ಪ್ರಸಿದ್ಧಿಗೆ ಬಂದುವು. ಸದ್ದು ಮಾತ್ರ ಇಂದಿಗೂ ಪೂರ್ತಿಯಾಗಿ ಬಿಟ್ಟುಹೋಗಿಲ್ಲ.

ನಮ್ಮ ವೈದ್ಯಶಾಸ್ತ್ರದಲ್ಲಿ ರೋಗವನ್ನರಿಯಲು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ಸಾಧನಗಳನ್ನು ಹೇಳಿದ್ದಾರೆ. ಇವುಗಳಲ್ಲಿ ರೂಪವೆಂದರೆ ಕಾಣುವ ಲಕ್ಷಣ. ಉಪಶಯವೆಂದರೆ ಚಿಕ್ಕದೊಂದು ಉಪಚಾರವನ್ನು ಮಾಡಿ ನೋಡಿ, ಅದು ಹಿಡಿಸಿತೋ ಇಲ್ಲವೋ ಎಂಬುದರಿಂದ ರೋಗವನ್ನು ಊಹಿಸುವುದು. ತರ್ಕಶಾಸ್ತ್ರದವರು ಇದಕ್ಕೆ ಅನ್ವಯ ವ್ಯತಿರೇಕಗಳೆಂಬ ಇನ್ನೊಂದು ಉಪಕರಣವನ್ನು ಒದಗಿಸುತ್ತಾರೆ. ಇದು ಇದ್ದಾಗ ಅದು ಇರುತ್ತದೆಯೆ, ಇದು ಇಲ್ಲದಾಗ ಅದೂ ಇರುವುದಿಲ್ಲವೆ ಎಂದು ಎರಡು ಕಡೆಯಿಂದಲೂ ಪರೀಕ್ಷಿಸುವುದೇ ಆ ಕ್ರಮ. ಬ್ರೇಕಿನ ವಿಷಯದಲ್ಲಿ ಇದನ್ನು ಬಿಟ್ಟು ಬೇರೆ ವಿದ್ಯೆ ಬೇಡವೆಂದರೂ ಸಲ್ಲುತ್ತದೆ.

ಆದರೆ ಪರೀಕ್ಷೆಗೆ ತೊಡಗುವ ಮುನ್ನ, ಪರೀಕ್ಷೆಯನ್ನೇ ಮಾಡಬಾರದಾದ ಸದ್ದುಗಳಾವುವೆಂಬುದನ್ನು ಹೇಳಿಬಿಡುತ್ತೇನೆ. ಬ್ರೇಕು ಒತ್ತಿದಾಗಲೆಲ್ಲ ಲೋಹವನ್ನು ಲೋಹವು ಅರೆಯುವಂತೆ ಗರಗರನೆ ಸದ್ದು ಬಂದು, ಅದು ದಿನದಿನಕ್ಕೆ ಹೆಚ್ಚುತ್ತಿದ್ದರೆ. ಒತ್ತಿದೊಡನೆ ಚಕ್ರದ ಬಳಿ ಧಡಕ್ಕೆಂದು ಏನೋ ಸರಿದಂತಾದರೆ. ಸದ್ದಿನೊಡನೆ ಗಾಡಿಯು ಒಂದು ಪಕ್ಕಕ್ಕೆ ಎಳೆದರೆ. ಪೆಡಲು ಮೆತ್ತಗಾಗಿ ಕೆಳಕ್ಕೆ ಇಳಿದುಹೋದರೆ. ಸುಟ್ಟ ವಾಸನೆಯೋ ಹೊಗೆಯೋ ಕಂಡರೆ. ಬ್ರೇಕಿನ ಕೆಂಪು ದೀಪ ಹತ್ತಿ ಆರದೆ ಇದ್ದರೆ, ಗಾಡಿಯನ್ನು ನಿಧಾನವಾಗಿ ಪಕ್ಕಕ್ಕೆ ತೆಗೆದು ನಿಲ್ಲಿಸತಕ್ಕದ್ದು. ಕ್ಯಾಲಿಪರಿನ ಬೋಲ್ಟನ್ನು ಬಿಗಿಯದೆ ಬಿಟ್ಟಿರಬಹುದು, ಚಕ್ರದ ನಟ್ಟು ಸಡಿಲವಾಗಿರಬಹುದು, ಪ್ಯಾಡೇ ತಿರುಗುಮುರುಗಾಗಿ ಉಕ್ಕಿನ ಹಲಗೆಯು ಡಿಸ್ಕಿಗೆ ತಾಗುತ್ತಿರಬಹುದು. ಅವಸರದ ಕೆಲಸದಲ್ಲಿ ಈ ಮೂರೂ ಆಗಬಹುದಾದ ತಪ್ಪುಗಳೇ. ಅಲ್ಲಿಂದ ಮುಂದೆ ಗಾಡಿಯನ್ನು ಎಳೆಸಿಕೊಂಡು ಹೋಗಬೇಕೇ ಹೊರತು ಓಡಿಸಿಕೊಂಡು ಹೋಗಕೂಡದು.

ಇವು ಯಾವುವೂ ಇಲ್ಲದೆ ಬರಿಯ ಕೂಗು ಮಾತ್ರ ಇದ್ದರೆ, ಸಂಚಾರವಿಲ್ಲದ ಒಂದು ರಸ್ತೆಗೆ ಹೋಗಿ ಕಿಟಕಿಯ ಗಾಜುಗಳನ್ನು ಇಳಿಸಿ, ಕಾಂಪೌಂಡು ಗೋಡೆಯ ಪಕ್ಕದಲ್ಲಿ ಮೆಲ್ಲನೆ ಓಡಿಸಿ ನೋಡಬೇಕು. ಗೋಡೆಯು ಸದ್ದನ್ನು ಹಿಂದಿರುಗಿಸಿ ಕಿವಿಗೆ ಒಪ್ಪಿಸುತ್ತದೆ. ಎಡಚಕ್ರವೋ ಬಲಚಕ್ರವೋ ಎಂಬುದು ಗೊತ್ತಾಗುತ್ತದೆ. ಜೊತೆಗೆ ಮನೆಯವರಾರಾದರೂ ಇದ್ದು, ಯಾವಾಗ ಸದ್ದಾಯಿತೆಂಬುದನ್ನು ಚೀಟಿಯಲ್ಲಿ ಬರೆದುಕೊಂಡರೆ ಮತ್ತೂ ಒಳ್ಳೆಯದು. ಒತ್ತಿದಾಗ ಬಂತೆ, ಒತ್ತದೆಯೂ ಬಂತೆ? ಮೆಲ್ಲಗೆ ಒತ್ತಿದಾಗಲೋ ಗಟ್ಟಿಯಾಗಿ ಒತ್ತಿದಾಗಲೋ? ಮುಂದಕ್ಕೆ ಹೋಗುವಾಗ ಮಾತ್ರವೋ, ಹಿಂದಕ್ಕೆ ಬರುವಾಗಲೂ ಉಂಟೋ? ಬೆಳಗಿನ ತಣ್ಣನೆಯ ಗಾಡಿಯಲ್ಲೋ, ಹತ್ತು ಮೈಲಿ ಓಡಿ ಬಿಸಿಯಾದ ಮೇಲೋ? ಇಷ್ಟಕ್ಕೆ ಉತ್ತರ ಸಿಕ್ಕಿದರೆ ಮುಕ್ಕಾಲು ಪಾಲು ನಿದಾನವಾದಂತೆ.

ಮೆಲ್ಲಗೆ ಒತ್ತಿದಾಗ ಮಾತ್ರ ಕೀಂ ಎಂದು ಕೂಗಿ, ಗಟ್ಟಿಯಾಗಿ ಒತ್ತಿದರೆ ಸುಮ್ಮನಾಗುವ ಬ್ರೇಕು ಬಹುಮಟ್ಟಿಗೆ ಇನ್ನೂ ಪಳಗದ ಬ್ರೇಕು. ಹಳೆಯ ಪ್ಯಾಡೂ ಡಿಸ್ಕೂ ಸಾವಿರಾರು ಕಿಲೋಮೀಟರು ಜೊತೆಯಲ್ಲಿ ಸವೆದು, ಒಂದರ ಏರುತಗ್ಗಿಗೆ ಇನ್ನೊಂದು ಹೊಂದಿಕೊಂಡಿರುತ್ತವೆ. ಹೊಸ ಪ್ಯಾಡಿನ ಮುಖವು ಸಪಾಟಾಗಿಯೂ ಡಿಸ್ಕಿನ ಮುಖವು ಗೀರುಗೀರಾಗಿಯೂ ಇರುವುದರಿಂದ ಅವೆರಡೂ ಅಲ್ಲಲ್ಲಿ ಮಾತ್ರ ತಾಗುತ್ತವೆ. ಕ್ರಮವಾಗಿ ಬಿಸಿಯಾದಂತೆ ಪ್ಯಾಡಿನ ದ್ರವ್ಯವು ಅತಿ ತೆಳುವಾದ ಲೇಪವಾಗಿ ಡಿಸ್ಕಿಗೆ ಹತ್ತಿಕೊಳ್ಳಬೇಕು. ಆ ಲೇಪವು ಸಮನಾದ ಮೇಲೆಯೇ ಬ್ರೇಕಿಗೆ ಪೂರ್ಣವಾದ ಹಿಡಿತವೂ ಮೌನವೂ ಬರುವುದು. ಇದಕ್ಕಾಗಿ ನಿರ್ಜನವಾದ ನೇರ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರಿನ ವೇಗದಿಂದ 10ಕ್ಕೆ ಇಳಿಯುವಂತೆ, ಮಧ್ಯಮ ಒತ್ತಡದಿಂದ, ಎಂಟು ಹತ್ತು ಸಲ ಬ್ರೇಕು ಹಿಡಿಯುತ್ತಾರೆ. ಎರಡು ಹಿಡಿತಗಳ ನಡುವೆ ಅರ್ಧ ನಿಮಿಷವಾದರೂ ಗಾಡಿಯನ್ನು ಓಡಲು ಬಿಟ್ಟು ತಣಿಸಬೇಕು. ಪೂರ್ತಿಯಾಗಿ ನಿಲ್ಲಿಸಿ, ಬಿಸಿಯಾದ ಡಿಸ್ಕನ್ನು ಅವುಚಿಕೊಂಡೇ ಇರಬಾರದು. ಹಾಗೆ ಮಾಡಿದರೆ ಹಿಡಿದಿದ್ದ ಸ್ಥಳದಲ್ಲಿ ಲೇಪವು ದಪ್ಪವಾಗಿ, ಮುಂದೆ ಬ್ರೇಕು ಹಿಡಿದಾಗಲೆಲ್ಲ ಪೆಡಲು ನಡುಗುತ್ತದೆ. ಇದಾದ ಮೇಲೂ 200ರಿಂದ 300 ಕಿಲೋಮೀಟರಿನವರೆಗೆ ಸೌಮ್ಯವಾಗಿಯೇ ನಡೆಸಿಕೊಳ್ಳತಕ್ಕದ್ದು. ಗಾಡಿಯೊಡನೆ ಕೊಟ್ಟಿರುವ ಪುಸ್ತಕದಲ್ಲಿ ಬೇರೆ ವಿಧಾನವನ್ನು ಹೇಳಿದ್ದರೆ ಆ ಶಬ್ದವೇ ಪ್ರಮಾಣ, ನನ್ನ ಮಾತಲ್ಲ. ಹೊಸ ಪ್ಯಾಡು ಹಾಕಿಸಿದ ಮಾರನೆಯ ದಿನವೇ ಶಿರಾಡಿಯನ್ನೋ ಆಗುಂಬೆಯನ್ನೋ ಇಳಿಯಲು ಹೊರಡುವುದಂತೂ ಸರ್ವಥಾ ಕೂಡದು.

ಪಳಗಿಸಿದ ಮೇಲೂ ಕೂಗು ನಿಲ್ಲದಿದ್ದರೆ, ದೋಷವು ಪ್ಯಾಡಿಗಿಂತ ಅದನ್ನು ಕೂರಿಸಿದ ರೀತಿಯಲ್ಲಿರುವ ಸಂಭವವೇ ಹೆಚ್ಚು. ಇದಕ್ಕೆ ನನ್ನ ಅಳಿಯನ ಗಾಡಿಯೇ ನಿದರ್ಶನ. ಮೈಸೂರಿನ ಒಂದು ಗ್ಯಾರೇಜಿನಲ್ಲಿ ಮುಂದಿನ ಪ್ಯಾಡುಗಳನ್ನು ಬದಲಾಯಿಸಿಕೊಂಡು ಬಂದ ಎರಡು ವಾರಕ್ಕೂ ಅದು ಬೀದಿಯ ತಿರುವಿನಲ್ಲಿ ಹೇಗೆ ಕೂಗುತ್ತಿತ್ತೆಂದರೆ, ಮನೆಯಲ್ಲಿ ಕಾಫಿಗೆ ನೀರಿಡಲು ಅದೇ ಗುರುತಾಗಿತ್ತು. ಗ್ಯಾರೇಜಿನವರು ಎರಡು ಡಿಸ್ಕುಗಳೂ ಹೋಗಿವೆ, ಬದಲಾಯಿಸಲೇಬೇಕೆಂದರು. ಖರ್ಚನ್ನು ಕೇಳಿ ಅಳಿಯ ಹಿಂಜರಿದು, ನಮ್ಮ ಬಡಾವಣೆಯ ಹಳೆಯ ಮೆಕ್ಯಾನಿಕ್ಕರೊಬ್ಬರ ಬಳಿಗೆ ಹೋದ. ನಾನೂ ಕುತೂಹಲದಿಂದ ಹಿಂಬಾಲಿಸಿದೆ. ಆತ ಗಾಡಿಯನ್ನು ಮುಟ್ಟುವ ಮೊದಲು ಕೇಳಿದ್ದು ಇಷ್ಟೆ: “ರಿವರ್ಸ್ ತಗೊಂಡು ಬ್ರೇಕ್ ಹಿಡಿದಾಗ ಬೇರೆ ಥರ ಸದ್ದು ಬರುತ್ತಾ?” ಅಳಿಯ ಆಗಲೇ ಹಿಂದಕ್ಕೆ ತೆಗೆದು ನೋಡಿದ. ಕೂಗಿನ ಬದಲು ಟಕ್ಕೆಂದು ಒಂದು ಸಣ್ಣ ಸದ್ದಾಯಿತು. “ಪ್ಯಾಡ್ ಒಳಗಡೆ ಆಡ್ತಾ ಇದೆ ಮೇಷ್ಟ್ರೇ, ಬಿಚ್ಚಿದ್ರೆ ಗೊತ್ತಾಗುತ್ತೆ” ಎಂದು ಜಾಕಿ ತಂದರು.

ಚಕ್ರವನ್ನು ಕಳಚಿದ ಮೇಲೆ ವಿಷಯ ತಿಳಿಯಿತು. ಪ್ಯಾಡಿನ ಬೆನ್ನಿಗೆ ಶಿಮ್ ಎಂಬ ತೆಳುವಾದ ತಗಡು ಇರಬೇಕು. ಕಂಪನವು ಪ್ಯಾಡಿನಿಂದ ಕ್ಯಾಲಿಪರಿಗೆ ದಾಟದಂತೆ ತಡೆಯುವುದೇ ಅದರ ಕೆಲಸ. ಪ್ಯಾಡು ತನ್ನ ಮನೆಯಲ್ಲಿ ಅಲುಗದಂತೆ ಹಿಡಿಯುವ ಸಣ್ಣ ಕ್ಲಿಪ್ಪುಗಳೂ ಇರಬೇಕು. ಹಳೆಯ ಪ್ಯಾಡುಗಳನ್ನು ಎಸೆಯುವಾಗ ಅವುಗಳಿಗೆ ಅಂಟಿಕೊಂಡಿದ್ದ ಶಿಮ್ಮುಗಳನ್ನೂ ಎಸೆದುಬಿಟ್ಟಿದ್ದರು. ಕ್ಲಿಪ್ಪುಗಳಲ್ಲಿ ಎರಡು ಸೊಟ್ಟಗಾಗಿದ್ದುವು. ಪ್ಯಾಡಿನ ಕಿವಿಗಳು ಕೂರುವ ಸ್ಥಳದ ತುಕ್ಕನ್ನೂ ಯಾರೂ ಕೆರೆದಿರಲಿಲ್ಲ. ಆತ ಅಳತೆಯ ಉಪಕರಣದಿಂದ ಡಿಸ್ಕಿನ ದಪ್ಪವನ್ನು ನಾಲ್ಕು ಕಡೆ ಅಳೆದು ನೋಡಿದರು. ಡಿಸ್ಕು ಎಷ್ಟರವರೆಗೆ ಸವೆಯಬಹುದೆಂಬ ಕನಿಷ್ಠ ಪ್ರಮಾಣವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಒತ್ತಿರುತ್ತಾರೆ. ಈ ಡಿಸ್ಕುಗಳು ಆ ಪ್ರಮಾಣಕ್ಕಿಂತ ಸಾಕಷ್ಟು ಮೇಲೆಯೇ ಇದ್ದುವು. ತಂತಿಯ ಬ್ರಷ್ಷಿನಿಂದ ತುಕ್ಕು ತೆಗೆದು, ಹೊಸ ಶಿಮ್ಮು ಕ್ಲಿಪ್ಪುಗಳನ್ನು ಹಾಕಿ, ತಾಗುವ ಸ್ಥಳಗಳಿಗೆ ಬ್ರೇಕಿಗೆಂದೇ ಮಾಡಿದ ಶಾಖ ತಡೆಯುವ ಗ್ರೀಸನ್ನು ಕಂಡೂ ಕಾಣದಷ್ಟು ಸವರಿ ಕೂರಿಸಿದರು. ಅಂದಿನಿಂದ ಅಳಿಯನು ಮನೆಯ ಬಾಗಿಲಿಗೆ ಬಂದು ನಿಂತ ಮೇಲೆಯೇ ಕಾಫಿಗೆ ನೀರಿಡುವುದು.

ಡಿಸ್ಕನ್ನು ಎಂದಿಗೂ ಬದಲಾಯಿಸಬೇಡಿರೆಂಬುದು ಇದರ ತಾತ್ಪರ್ಯವಲ್ಲ. ಬಹುಕಾಲ ಓಡಿದ ಡಿಸ್ಕಿನ ಹೊರ ಅಂಚಿನಲ್ಲಿ, ಹಳೆಯ ಪ್ಯಾಡು ತಾಗದ ಕಡೆ, ಒಂದು ಕಟ್ಟೆ ಎದ್ದಿರುತ್ತದೆ. ಹೊಸ ಪ್ಯಾಡು ಕೂದಲೆಳೆಯಷ್ಟು ದೊಡ್ಡದಾಗಿದ್ದರೂ ಆ ಕಟ್ಟೆಯ ಮೇಲೇರಿ ಕುಳಿತು ಕರಕರನೆ ಉಜ್ಜುತ್ತದೆ. ದಪ್ಪವು ಸಾಕಷ್ಟಿದ್ದರೆ ಲೇತಿನಲ್ಲಿ ಹಿಡಿಸಿ ಮುಖವನ್ನು ಸಮಮಾಡಿಸಬಹುದು. ಸಮಮಾಡಿಸಿದ ಮೇಲೆ ಕನಿಷ್ಠ ಪ್ರಮಾಣಕ್ಕಿಂತ ಕೆಳಗೆ ಇಳಿಯುವುದಾದರೆ ಬದಲಾಯಿಸಲೇಬೇಕು, ಆಗ ಎಡಬಲಗಳೆರಡನ್ನೂ ಒಟ್ಟಿಗೆ ಬದಲಾಯಿಸಬೇಕು. ನಾನು ಹೇಳುವುದು, ಅಳೆದು ತೋರಿಸಿರೆಂದು ಕೇಳಿ ಎಂದಷ್ಟೆ. ಅಂಕಿಯನ್ನು ತೋರಿಸುವವರ ಮಾತನ್ನು ನಂಬಬಹುದು.

ಇನ್ನು ಕೆಲವು ಸದ್ದುಗಳು ಬ್ರೇಕು ಒತ್ತದೆ ಇದ್ದಾಗ ಬಂದು, ಒತ್ತಿದೊಡನೆ ನಿಲ್ಲುತ್ತವೆ ಇಲ್ಲವೆ ಬದಲಾಗುತ್ತವೆ. ಇಲ್ಲಿ ವ್ಯತಿರೇಕವು ಬಲು ಸ್ಪಷ್ಟ. ಅನೇಕ ಪ್ಯಾಡುಗಳಲ್ಲಿ ಸವೆತವನ್ನು ಎಚ್ಚರಿಸುವ ಒಂದು ಉಕ್ಕಿನ ನಾಲಿಗೆ ಇರುತ್ತದೆ. ಪ್ಯಾಡು ತೆಳುವಾದಾಗ ಅದು ಡಿಸ್ಕಿಗೆ ತಗುಲಿ ಕೀಚುವುದು ಅದರ ಧರ್ಮ. ಹೊಸ ಪ್ಯಾಡಿನಲ್ಲಿಯೇ ಅದು ತಗುಲುತ್ತಿದ್ದರೆ, ನಾಲಿಗೆ ಬಗ್ಗಿರಬೇಕು ಅಥವಾ ಒಳಗಿನ ಪ್ಯಾಡನ್ನು ಹೊರಗೂ ಹೊರಗಿನದನ್ನು ಒಳಗೂ ಹಾಕಿರಬೇಕು. ಡಿಸ್ಕಿನ ಹಿಂದೆ ಕೆಸರಿನ ರಕ್ಷಣೆಗಾಗಿ ಇರುವ ತಗಡು ಕೆಲಸದವರ ಕೈತಾಗಿ ಬಗ್ಗಿದ್ದರೂ, ಅದರ ಸಂದಿಯಲ್ಲಿ ಒಂದು ಹರಳು ಸಿಕ್ಕಿಕೊಂಡಿದ್ದರೂ ಚಕ್ರ ತಿರುಗುವಷ್ಟು ಹೊತ್ತೂ ಕೆರೆಯುವ ಸದ್ದು ಕೇಳುತ್ತದೆ. ಬೆರಳಿನಿಂದ ತಗಡನ್ನು ತುಸು ಹಿಂದಕ್ಕೆ ಬಗ್ಗಿಸಿದರೆ ಮುಗಿಯುವ ಕೆಲಸವಿದು. ಇದಕ್ಕಾಗಿ ಇಂಜಿನ್ನಿನವರೆಗೂ ಪರೀಕ್ಷೆ ನಡೆಸಿದವರನ್ನು ಕೇಳಿಬಲ್ಲೆ.

ಹತ್ತು ಹದಿನೈದು ಕಿಲೋಮೀಟರು ಓಡಿದ ಮೇಲೆ ಆರಂಭವಾಗಿ ಹೆಚ್ಚುತ್ತ ಹೋಗುವ ಸದ್ದನ್ನು ಇಷ್ಟು ಹಗುರವಾಗಿ ಎಣಿಸಬಾರದು. ಕ್ಯಾಲಿಪರು ಎರಡು ಸಣ್ಣ ಗೂಟಗಳ ಮೇಲೆ ಸರಿದಾಡುತ್ತದೆ. ತುಕ್ಕಿನಿಂದಲೋ ಗ್ರೀಸು ಒಣಗಿಯೋ ಅವು ಬಿಗಿದುಕೊಂಡರೆ, ಕಾಲು ತೆಗೆದರೂ ಪ್ಯಾಡು ಡಿಸ್ಕನ್ನು ಬಿಡುವುದಿಲ್ಲ. ಗಾಡಿಯನ್ನು ನಿಲ್ಲಿಸಿದ ಮೇಲೆ ಚಕ್ರಗಳ ಹತ್ತಿರಕ್ಕೆ ಅಂಗೈ ಹಿಡಿದು ನೋಡಿದರೆ ಒಂದು ಚಕ್ರವು ಮಾತ್ರ ಹೆಚ್ಚು ಕಾವನ್ನು ಉಗುಳುತ್ತಿರುತ್ತದೆ. ಮುಟ್ಟಬಾರದು, ಕಠಿನವಾಗಿ ಬ್ರೇಕು ಹಿಡಿದ ಡಿಸ್ಕು ನೂರಾರು ಡಿಗ್ರಿಗಳಿಗೆ ಏರಿರಬಹುದು. ಆ ಕಾವನ್ನು ಕಂಡು ತಣ್ಣೀರು ಸುರಿಯುವವರೂ ಇದ್ದಾರೆ; ಡಿಸ್ಕು ಸೊಟ್ಟಗಾಗುವುದಕ್ಕೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಬೆಳಗ್ಗೆ ಗಾಡಿ ತೆಗೆದಾಗ ಮೊದಲ ನಾಲ್ಕೈದು ಹಿಡಿತಗಳಲ್ಲಿ ಮಾತ್ರ ಗರಗರವೆಂದು, ಆಮೇಲೆ ಸುಮ್ಮನಾಗುವುದಾದರೆ ಅದು ರಾತ್ರಿಯ ಇಬ್ಬನಿಯಿಂದ ಡಿಸ್ಕಿನ ಮೇಲೆ ಕೂತ ತುಕ್ಕಿನ ಪೊರೆ. ಮಳೆಗಾಲದಲ್ಲಿಯೂ ಮಂಗಳೂರು ಉಡುಪಿಗಳ ಕಡಲಗಾಳಿಯಲ್ಲಿಯೂ ಇದು ನಿತ್ಯದ ಮಾತು; ಔಷಧ ಬೇಡ. ಅವಸರದಲ್ಲಿ ಬಲವಾಗಿ ತುಳಿದಾಗ ಪೆಡಲು ಕಾಲಿಗೆ ಬಡಿದುಕೊಂಡು ಗೊರಗೊರವೆಂದರೆ, ಅದು ಚಕ್ರಗಳು ಹೂತುಕೊಂಡು ಜಾರದಂತೆ ತಡೆಯುವ ಎ.ಬಿ.ಎಸ್. ಎಂಬ ಏರ್ಪಾಡು ಕೆಲಸಮಾಡುವ ಸದ್ದು. 2019ರ ಏಪ್ರಿಲ್ ತಿಂಗಳಿನಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವಾಗಿದೆ. ಆಗ ಕಾಲನ್ನು ತೆಗೆಯದೆ ಒತ್ತಿಯೇ ಹಿಡಿಯಬೇಕು.

ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತೆಂಬ ಕಾಕತಾಲೀಯ ನ್ಯಾಯವನ್ನೂ ಇಲ್ಲಿ ಮರೆಯಲಾಗದು. ಮುಂದಿನ ಪ್ಯಾಡು ಬದಲಾಯಿಸಿದ ವಾರದಲ್ಲಿಯೇ ಹಿಂದಿನ ಡ್ರಮ್ಮು ಕೂಗಲು ತೊಡಗಬಹುದು. ಡ್ರಮ್ಮು ಮುಚ್ಚಿದ ಪಾತ್ರೆಯಾದುದರಿಂದ ಬ್ರೇಕ್ ಶೂಗಳು ಸವೆದ ಧೂಳೆಲ್ಲ ಅದರೊಳಗೇ ಸೇರಿ ಕಿರುಗುಟ್ಟಿಸುತ್ತದೆ. ಗೋಡೆಯ ಪಕ್ಕದ ಪರೀಕ್ಷೆಯಲ್ಲಿ ಸದ್ದು ಹಿಂದಿನಿಂದ ಬರುತ್ತಿದ್ದರೆ, ಮುಂದಿನ ಪ್ಯಾಡುಗಳನ್ನು ಎಷ್ಟು ಸಲ ಬಿಚ್ಚಿದರೂ ಫಲವಿಲ್ಲ. ಆ ಧೂಳನ್ನು ಬಾಯಿಂದ ಊದಿ ತೆಗೆಯಬಾರದು. ಹಳೆಯ ಗಾಡಿಗಳ ಬ್ರೇಕುಗಳಲ್ಲಿ ಪುಪ್ಪುಸಕ್ಕೆ ಮಾರಕವಾದ ಕಲ್ನಾರು ಇರುವ ಸಂಭವವುಂಟು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯತಕ್ಕದ್ದು.

ಮನೆಮದ್ದಿನವರಿಗೆ ಒಂದು ಮಾತು ಹೇಳಬೇಕಾಗಿದೆ. ಕೀಲು ಕೂಗಿದರೆ ಎಣ್ಣೆ ಬಿಡುವ ಅಭ್ಯಾಸ ನಮ್ಮದು. ಬ್ರೇಕಿಗೆ ಹರಳೆಣ್ಣೆಯನ್ನೋ ಗ್ರೀಸನ್ನೋ ಸವರಿದರೆ ಕೂಗು ನಿಂತೇ ನಿಲ್ಲುತ್ತದೆ, ಏಕೆಂದರೆ ಹಿಡಿತವೇ ನಿಂತುಹೋಗುತ್ತದೆ. ಪ್ಯಾಡಿನ ಮುಖಕ್ಕೂ ಡಿಸ್ಕಿಗೂ ಜಿಡ್ಡು ಸೋಕಕೂಡದು. ಎಣ್ಣೆ ಕುಡಿದ ಪ್ಯಾಡನ್ನು ಎಮರಿ ಕಾಗದದಿಂದ ಉಜ್ಜಿದರೂ ಅದು ಶುದ್ಧವಾಗದು. ಡಿಸ್ಕನ್ನು ತೊಳೆದು, ಎರಡೂ ಚಕ್ರಗಳ ಪ್ಯಾಡುಗಳನ್ನು ಬದಲಾಯಿಸುವುದೊಂದೇ ದಾರಿ. ಗ್ರೀಸಿನ ಸ್ಥಾನ ಪ್ಯಾಡಿನ ಬೆನ್ನು, ಕಿವಿಗಳು, ಸರಿದಾಡುವ ಗೂಟಗಳು ಮಾತ್ರ. ಅಲ್ಲಿಯೂ ಸಾಮಾನ್ಯ ಗ್ರೀಸು ಸಲ್ಲದು, ರಬ್ಬರಿನ ಮುಸುಕುಗಳು ಊದಿಕೊಂಡು ಗೂಟವೇ ಸಿಕ್ಕಿಬೀಳುತ್ತದೆ.

ಪ್ಯಾಡು ಬದಲಾಯಿಸಲು ಗಾಡಿಯನ್ನು ಬಿಡುವಾಗ, ಹಳೆಯ ಪ್ಯಾಡುಗಳನ್ನೂ ಬಿಚ್ಚಿದ ಶಿಮ್ಮು ಕ್ಲಿಪ್ಪುಗಳನ್ನೂ ಒಂದು ಕಾಗದದಲ್ಲಿ ಕಟ್ಟಿ ಕೊಡಿರೆಂದು ಮೊದಲೇ ಹೇಳಿರಬೇಕು. ಹಳೆಯ ಪ್ಯಾಡು ಸಮನಾಗಿ ಸವೆದಿದೆಯೋ, ಒಂದೇ ತುದಿಯಲ್ಲಿ ಸವೆದಿದೆಯೋ ಎಂಬುದನ್ನು ನೋಡಿದರೆ ಗೂಟ ಬಿಗಿದಿದೆಯೆಂಬುದು ಸದ್ದು ಹುಟ್ಟುವ ಮೊದಲೇ ತಿಳಿಯುತ್ತದೆ. ವೈದ್ಯರು ಪೂರ್ವರೂಪವೆನ್ನುವುದು ಇದನ್ನೇ. ಗಾಡಿಯನ್ನು ಹಿಂದಕ್ಕೆ ಪಡೆದಾಗ ಗೇರು ಹಾಕುವ ಮುನ್ನ, ನಿಂತ ಕಡೆಯಲ್ಲಿಯೇ ಬ್ರೇಕಿನ ಪೆಡಲನ್ನು ನಾಲ್ಕಾರು ಸಲ ಒತ್ತಿ ನೋಡಿರಿ. ಹೊಸ ಪ್ಯಾಡಿಗೆ ಎಡೆಮಾಡಲು ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಅದು ಮುಂದೆ ಬಂದು ಪ್ಯಾಡನ್ನು ಮುಟ್ಟುವವರೆಗೆ ಪೆಡಲು ನೆಲದವರೆಗೂ ಇಳಿದುಹೋಗುತ್ತದೆ, ಗಾಡಿಯು ನಿಲ್ಲುವುದಿಲ್ಲ. ಮೊದಲ ಒತ್ತಿಗೆ ಟೊಳ್ಳಾಗಿದ್ದ ಪೆಡಲು ನಾಲ್ಕನೆಯದಕ್ಕೆ ಕಲ್ಲಿನಂತೆ ಗಟ್ಟಿಯಾಗಬೇಕು; ಆಗದಿದ್ದರೆ ಗಾಡಿಯನ್ನು ಅಲ್ಲಿಯೇ ಬಿಟ್ಟು, ಆಟೋ ಹಿಡಿದು ಮನೆಗೆ ಬರತಕ್ಕದ್ದು.